ಅಟ್ಟದ ಮೇಲಿನ ಲ್ಯಾಪ್‌ಟಾಪು

ಈರಮ್ಮನಿಗೆ ಎಷ್ಟು ಮಕ್ಕಳು ಎಂದು ಯಾರಾದರೂ ಕೇಳಿದರೆ, ಅವಳು ಬಾಯಿ ತೆರೆಯುವ ಮುಂಚೆಯೇ ಗಂಡ ಶಿವಯ್ಯ "ಒಬ್ನೇ ಮಗ" ಎಂದು ಮಾತು ಮುಗಿಸಿಬಿಡುತ್ತಿದ್ದ. ಮಗ ಹುಟ್ಟಿದಾಗಿನಿಂದ ಹೀಗೇ. ಈರಮ್ಮ ತಲೆಯಾಡಿಸುತ್ತಿದ್ದಳು, ಆದರೆ ಒಳಗೊಳಗೆ ಎರಡು ಎಂದೇ ಎಣಿಸುತ್ತಿದ್ದಳು. ಮೊದಲನೆಯದು ಹೆಣ್ಣು. ನಲವತ್ತನಾಲ್ಕು ವರ್ಷದ ಹಿಂದೆ ಹೆಗ್ಗದ್ದೆ ಕಡೆಯ ಎಸ್ಟೇಟಿನಲ್ಲಿ, ಆಳುಗಳ ಲೈನ್ ಮನೆಯಲ್ಲಿ ಹುಟ್ಟಿ ಒಂಬತ್ತನೇ ದಿನ ಹೋಗಿಬಿಟ್ಟಿತು. ಹನ್ನೊಂದನೇ ದಿನಕ್ಕೆ ಹೆಸರಿಡಬೇಕಿತ್ತು. ಹೆಸರಿಡದ ಕೂಸು ಲೆಕ್ಕಕ್ಕಿಲ್ಲ, ಅದಕ್ಕೆಲ್ಲ ಅಳಬಾರದು, ಅತ್ತರೆ ಮುಂದಿನದಕ್ಕೆ ಆಗಿಬರುವುದಿಲ್ಲ ಎಂದು ಹಿರಿಯ ಹೆಂಗಸರು ಅವಳ ಬಾಯಿ ಮುಚ್ಚಿಸಿದರು. ಬಾಣಂತಿ ಹೊಸಲು ದಾಟುವ ಹಾಗಿರಲಿಲ್ಲ. ಕೂಸನ್ನು ಪಂಚೆಯಲ್ಲಿ ಸುತ್ತಿಕೊಂಡು ಹೋದ ಶಿವಯ್ಯ ಬರಿಗೈಯಲ್ಲಿ ವಾಪಸ್ ಬಂದ. ಎಲ್ಲಿ ಮಣ್ಣು ಮಾಡಿದಿರಿ ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

ಹಿರಿಯರ ಹಬ್ಬ ಬಂತೆಂದರೆ ಅವಳಿಗೆ ಸಂಕಟ ಹೆಚ್ಚುತ್ತಿತ್ತು. ಆ ದಿನ ಮನೆಯಲ್ಲಿ ಸತ್ತವರಿಗೆ ಒಬ್ಬೊಬ್ಬರಿಗೆ ಒಂದೊಂದು ಎಲೆ ಹಾಕಿ ಎಡೆ ಇಡಬೇಕು. ಯಜಮಾನನಾದವನು ಒಬ್ಬೊಬ್ಬರ ಹೆಸರು ಹಿಡಿದು ಕರೆಯಬೇಕು. ಮಾವನಿಗೆ, ಅತ್ತೆಗೆ, ಮದುವೆಯಾಗದೆ ಸತ್ತ ಮೈದುನನಿಗೆ ಎಂದು ಮೂರು ಎಲೆ. ಹೆಸರೇ ಇಲ್ಲದ್ದನ್ನು ಏನೆಂದು ಕರೆಯುವುದು? ಅದಕ್ಕೆ ಎಲೆ ಇಲ್ಲ. ಕಡುಬು ಬೇಯಿಸಿ, ಪಾಯಸ ಕಾಯಿಸಿ, ಮೂರು ಎಲೆಗೆ ಬಡಿಸಿ ಈರಮ್ಮ ಒಲೆ ಮುಂದೆ ಹೋಗಿ ಕೂರುತ್ತಿದ್ದಳು. ಹೊಗೆ ಕಣ್ಣಿಗೆ ಹೋಯಿತು ಎಂದರೆ ಯಾರೂ ಮುಂದೆ ಕೇಳುತ್ತಿರಲಿಲ್ಲ.

ಈ ವರ್ಷ ಗೌರಿ ಹಬ್ಬ ಮುಗಿದ ಮೂರನೇ ದಿನ ಬಸಮ್ಮ ಕುಂದೂರಿನ ಇವರ ಮನೆಗೆ ಬಂದಳು. ಈರಮ್ಮನ ಓರಗೆಯವಳು, ಈಗಲೂ ಅದೇ ಎಸ್ಟೇಟಿನ ಲೈನಿನಲ್ಲೇ ಇರುವವಳು. ಜಗಲಿಯ ಮೇಲೆ ಕೂತವಳೇ ಶಿವಯ್ಯನಿಗೆ ಕೈ ಮುಗಿದಳು.

"ರೈಟ್ರೇ, ನನ್ ದೊಡ್ ಮಗಳಿಗೆ ಹಾಸ್ಟೆಲ್ಲಲ್ಲಿ ಅಡಿಗೆ ಕೆಲಸ ಖಾಯಂ ಆಗೋ ಹಂಗೈತೆ. ಹುಟ್ಟಿದ್ ದಿನಕ್ಕೆ ಏನಾರ ದಾಖಲೆ ತಗಂಬಾ ಅಂತವ್ರೆ. ನೀವ್ ಬರ್ಕೊಂಡಿದ್ರಲ್ಲಾ, ಆ ಪುಸ್ತಕ ಐತಾ?"

ಶಿವಯ್ಯ ಮೂವತ್ತಾರು ವರ್ಷ ಆ ಎಸ್ಟೇಟಿನ ರೈಟರ್ ಆಗಿದ್ದವನು. ಆಳುಗಳ ಹಾಜರಿ ಹಾಕುವುದು ಅವನ ಕೆಲಸ. ಅದರ ಜೊತೆಗೆ ಲೈನಿನಲ್ಲಿ ಹುಟ್ಟಿದ್ದು ಸತ್ತಿದ್ದನ್ನೆಲ್ಲ ಒಂದು ದಪ್ಪ ಪುಸ್ತಕದಲ್ಲಿ ತಾನಾಗಿಯೇ ಬರೆದಿಡುತ್ತಿದ್ದ. ಆ ಕಾಲದಲ್ಲಿ ಲೈನಿನ ಹೆಂಗಸರು ಹೆರಿಗೆಗೆ ಆಸ್ಪತ್ರೆಗೆ ಹೋಗುತ್ತಿದ್ದರೇ! ಹುಟ್ಟಿದ ದಿನ, ತಾಯಿ ತಂದೆ, ಗಂಡೋ ಹೆಣ್ಣೋ, ಹೆಸರು, ಕೊನೆಗೆ ಷರಾ. ಸತ್ತರೆ ಷರಾದ ಜಾಗದಲ್ಲಿ ಕೆಂಪು ಮಸಿಯಲ್ಲಿ ತಾರೀಖು ಬೀಳುತ್ತಿತ್ತು. ಅಕ್ಷರವೋ, ಮುತ್ತು ಪೋಣಿಸಿದ ಹಾಗೆ. "ನನ್ ಪುಸ್ತಕದಲ್ಲಿ ಒಂದ್ ಸುಳ್ಳು ಸಾಲು ತೋರ್ಸಿ, ಮೀಸೆ ಬೋಳಿಸ್ಕೊತೀನಿ" ಎಂದು ಧಣಿಗಳ ಎದುರೇ ಹೇಳುತ್ತಿದ್ದ ಆಸಾಮಿ.

"ಪುಸ್ತಕ ಎಲ್ಲೈತೆ ಬಸಮ್ಮ! ಎಸ್ಟೇಟ್ ಮಾರಿದಾಗ ಹೊಸಬ್ರು ಸ್ಟೋರಲ್ಲಿದ್ದ ಹಳೇ ಕಾಗದಕ್ಕೆಲ್ಲಾ ಬೆಂಕಿ ಹಾಕ್ಬುಟ್ರು. ಆದ್ರೆ ನಾನೇನ್ ದಡ್ಡನಾ? ಅದಕ್ ಮುಂಚೆ ಎರಡ್ ದಿನ ಮನೆಗ್ ತಂದಿದ್ದೆ. ನಮ್ ಸೊಸೆ ರಶ್ಮಿತಾ ಮುನ್ನೂರು ಪುಟಾನೂ ಫೋಟೋ ಹೊಡ್ದು ಅವಳ ಲ್ಯಾಪ್‌ಟಾಪಿಗೆ ಹಾಕವ್ಳೆ."

ಕಾಫಿ ತಂದ ಈರಮ್ಮ ಲೋಟ ಕೈಯಲ್ಲಿ ಹಿಡಿದೇ ನಿಂತಳು.

"ಬಸಮ್ಮಾ, ನಿನ್ ಮಗಳು ನಮ್ ಕೂಸು ಒಂದೇ ವಾರ ಅಲ್ವೇನೇ?"

"ಹೂಂ ಕಣ್ ಈರಕ್ಕ. ನಿಮ್ದಾಗಿ ಮೂರ್ ದಿನಕ್ಕೆ ನಂದು."

"ಹಂಗಾರೆ ಒಂದೇ ಹಾಳೇಲಿ ಇರ್ಬೇಕು," ಎಂದು ಈರಮ್ಮ ಗಂಡನ ಮುಖ ನೋಡಿದಳು. "ಅಲ್ವಾ?"

ಶಿವಯ್ಯನ ಜಂಬ ಅಲ್ಲೇ ಇಳಿಯಿತು. ಹೆಗಲ ಮೇಲಿನ ಟವೆಲ್ ಕೊಡವಿಕೊಂಡು ಎದ್ದ. "ಆ ಲ್ಯಾಪ್‌ಟಾಪ್ ಕೆಟ್ಟು ಯಾವ್ ಕಾಲ ಆಯ್ತೋ ಏನೋ. ನಂಬ್ಕೊಂಡ್ ಕೂರ್ಬೇಡ ಬಸಮ್ಮ" ಎಂದವನು ಕೊಟ್ಟಿಗೆ ಕಡೆ ನಡೆದ. ಕಾಫಿ ಮುಟ್ಟಲಿಲ್ಲ.

ಸಂಜೆ ಅಂಗನವಾಡಿಯಿಂದ ಬಂದ ರಶ್ಮಿತಾ ವಿಷಯ ಕೇಳಿ ಬೀರು ತೆಗೆದು ಹುಡುಕಿದಳು. ಡಿಗ್ರಿ ಓದುವಾಗ ಕಾಲೇಜಿನಲ್ಲಿ ಕೊಟ್ಟಿದ್ದ ಲ್ಯಾಪ್‌ಟಾಪು ಅದು. ಮದುವೆಯಾಗಿ ಬರುವಾಗ ಸೀರೆಗಳ ಜೊತೆ ತಂದಿದ್ದಳು. ಕೈಯಲ್ಲಿ ಒಳ್ಳೆಯ ಫೋನು ಬಂದ ಮೇಲೆ ಅದನ್ನು ಮುಟ್ಟಿಯೇ ಇರಲಿಲ್ಲ.

"ಅತ್ತೆ, ಇಲ್ಲಿದ್ದ ಕಪ್ಪು ಬ್ಯಾಗು ಎಲ್ಲಿ?"

"ನಾನೇ ತೆಗ್ದು ಅಟ್ಟದ ಮೇಲ್ ಇಟ್ಟಿವ್ನಿ."

"ಯಾವ ಅಟ್ಟ?"

"ಇನ್ಯಾವ ಅಟ್ಟ? ಒಲೆ ಮೇಲಿಂದು. ಹೋದ್ ವರ್ಷ ಮಳೇಲಿ ಬ್ಯಾಗೆಲ್ಲಾ ಬೂಷ್ಟು ಹಿಡ್ದಿತ್ತು. ಬೀಜದ್ ಭತ್ತ, ಒಣಮೆಣಸಿನಕಾಯಿ ಎಲ್ಲಾ ಅಲ್ಲೇ ಅಲ್ವಾ ಇಡೋದು? ಹೊಗೆ ತಾಗಿದ್ರೆ ಹುಳ ಬೀಳಲ್ಲ."

ರಶ್ಮಿತಾ ಹಣೆ ಚಚ್ಚಿಕೊಂಡಳು. "ಅಯ್ಯೋ ದೇವ್ರೇ! ಅದೇನ್ ಭತ್ತಾನಾ ಅತ್ತೆ? ಒಂದ್ ವರ್ಷ ಪೂರ್ತಿ ಹೊಗೆ ಹಾಕಿದೀರಲ್ಲಾ!"

ಏಣಿ ಹಾಕಿ ಇಳಿಸಿದರು. ಬ್ಯಾಗು ಮುಟ್ಟಿದರೆ ಕೈಯೆಲ್ಲ ಮಸಿ. ಚಾರ್ಜಿಗೆ ಹಾಕಿ ಒತ್ತಿದರೆ ದೀಪವೂ ಇಲ್ಲ, ಸದ್ದೂ ಇಲ್ಲ. ಎಂಟು ವರ್ಷದ ಮೊಮ್ಮಗಳು ಪೂಜಿತಾ ಕಿವಿ ಇಟ್ಟು ಕೇಳಿ "ಸತ್ತೋಗೈತೆ ಅಜ್ಜಿ" ಎಂದಳು. ಈರಮ್ಮ ಸೆರಗಿನಿಂದ ಅದರ ಬೆನ್ನು ಒರೆಸುತ್ತಲೇ ಕೂತಳು. ಆ ಪುಸ್ತಕದ ಫೋಟೋ ಅದರಲ್ಲಿದೆ ಎಂದು ಗೊತ್ತಿದ್ದೇ ಅವಳು ಅದನ್ನು ಮನೆಯ ಬೀಜದ ಜೊತೆ ಜೋಪಾನ ಮಾಡಿದ್ದು. ಆ ಮಾತು ಈಗ ಹೇಗೆ ಹೇಳುವುದು?

ಊಟಕ್ಕೆ ಕೂತಾಗ ಜಗಳ ಎದ್ದಿತು. ಅಕ್ಕಿ ರೊಟ್ಟಿ, ಕೆಸವಿನ ಸೊಪ್ಪಿನ ಪಲ್ಯ. ಮಗ ಅರುಣ್ ಪಿಕಪ್ ಓಡಿಸಿ ಆಗಷ್ಟೇ ಬಂದಿದ್ದ.

"ಸಕಲೇಶಪುರದಲ್ಲಿ ವಾಣಿ ಅಂತ ಒಬ್ರು ರಿಪೇರಿ ಮಾಡ್ತಾರೆ. ನಾಳಿದ್ದು ತಗೊಂಡ್ ಹೋಗ್ತೀನಿ," ಎಂದಳು ರಶ್ಮಿತಾ.

"ಬೇಡ," ಎಂದ ಶಿವಯ್ಯ.

"ಯಾಕ್ ಮಾವ? ಬಸಮ್ಮನಿಗೆ ಮಾತು ಕೊಟ್ಟಿದೀರಿ."

"ಕೊಟ್ಟಿಲ್ಲ. ಕೆಟ್ಟೋಗಿರೋದನ್ನ ಕೆದಕ್ಬಾರ್ದು. ಹೋಗಿದ್ ಹೋಯ್ತು."

"ಅಪ್ಪ ಹೇಳೋದು ಸರಿ ಕಣೆ," ಎಂದ ಅರುಣ್ ರೊಟ್ಟಿ ಮುರಿಯುತ್ತಾ. "ನಮ್ಗ್ಯಾಕ್ ಬೇಕು ಊರವರ ಉಸಾಬರಿ?"

"ಊರವರದಲ್ಲ," ಎಂದಳು ಈರಮ್ಮ. ರೊಟ್ಟಿ ಹಂಚು ಒಲೆಯ ಮೇಲೆ ಹಾಗೇ ಕಾಯುತ್ತಿತ್ತು. "ನಂದೂ ಐತೆ ಅದ್ರಲ್ಲಿ. ನನ್ ಕೂಸಿಂದು ಒಂದ್ ಫೋಟೋ ಇಲ್ಲ, ಮಣ್ ಮಾಡಿದ್ ಗುಳಿ ಎಲ್ಲಿ ಅಂತ ಗೊತ್ತಿಲ್ಲ. ಒಂದ್ ಸಾಲಾದ್ರೂ ಐತಾ ಅಂತ ನಾನ್ ನೋಡ್ಬೇಕು."

ಅರುಣನ ಕೈ ತಟ್ಟೆಯಲ್ಲೇ ನಿಂತಿತು. ತನಗೊಬ್ಬಳು ಅಕ್ಕ ಇದ್ದಳು ಎಂಬುದನ್ನು ಅವನು ಚಿಕ್ಕಂದಿನಲ್ಲಿ ಯಾರೋ ಅಂದದ್ದು ಕೇಳಿದ್ದನೇ ಹೊರತು ತಾಯಿಯ ಬಾಯಿಂದ ಕೇಳಿರಲಿಲ್ಲ. ಶಿವಯ್ಯ ಅರ್ಧ ರೊಟ್ಟಿ ಬಿಟ್ಟು ಕೈ ತೊಳೆದ.

"ಓದಕ್ ಬರಲ್ಲ ನಿಂಗೆ. ಏನ್ ನೋಡ್ತೀಯ?"

"ಓದೋ ಸೊಸೆ ಅವ್ಳೆ ನಂಗೆ," ಎಂದಳು ಈರಮ್ಮ. ಇಷ್ಟು ವರ್ಷದ ಸಂಸಾರದಲ್ಲಿ ಗಂಡನಿಗೆ ಅವಳು ಹೀಗೆ ಉತ್ತರ ಕೊಟ್ಟಿದ್ದು ಅದೇ ಮೊದಲು.

ಅತ್ತೆ ಸೊಸೆ ಆಲೂರಿಗೆ ಹೋಗಿ ಅಲ್ಲಿಂದ ಸಕಲೇಶಪುರದ ಬಸ್ಸು ಹಿಡಿದರು. ಲ್ಯಾಪ್‌ಟಾಪನ್ನು ಈರಮ್ಮ ಯಾರ ಕೈಗೂ ಕೊಡದೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ವಾಣಿಯ ಅಂಗಡಿ ಬಸ್ ಸ್ಟ್ಯಾಂಡ್ ಹಿಂದಿನ ಸಣ್ಣ ಕೋಣೆ. ನಲವತ್ತರ ಹೆಂಗಸು, ಮಾತು ಕಡಿಮೆ. ಸ್ಕ್ರೂ ಬಿಚ್ಚಿ ಹಿಂಬದಿ ತೆಗೆದವಳು ಮೂಗು ಮುಚ್ಚಿಕೊಂಡಳು.

"ಅಜ್ಜಿ, ಇದನ್ನ ಒಲೆ ಮೇಲೆ ಇಟ್ಟಿದ್ರಾ?"

"ಜೋಪಾನ ಇರ್ಲಿ ಅಂತ ಇಟ್ಟೆ ಕಣವ್ವಾ," ಎಂದಳು ಈರಮ್ಮ. "ನಾನೇ ಕೊಂದ್ಬುಟ್ನಾ?"

ವಾಣಿ ಬ್ರಷ್ಷಿನಿಂದ ಮಸಿ ಗುಡಿಸಿದಳು. "ಇದು ಇನ್ನು ಆನ್ ಆಗಲ್ಲ ಅಜ್ಜಿ. ಬೋರ್ಡೇ ಹೋಗಿದೆ. ಆದ್ರೆ ನಿಮ್ಮ ಫೋಟೋಗಳು ಬೋರ್ಡಲ್ಲಿ ಇರಲ್ಲ." ಅಂಗೈ ಅಗಲದ, ತಗಡಿನ ಹೊದಿಕೆಯ ಚಪ್ಪಟೆ ಡಬ್ಬಿಯೊಂದನ್ನು ಹೊರಗೆಳೆದಳು. "ಇದು ಹಾರ್ಡ್ ಡಿಸ್ಕು. ಎಲ್ಲ ಇದರೊಳಗೆ. ಇದನ್ನ ನನ್ನ ಕಂಪ್ಯೂಟರಿಗೆ ಸಿಗಿಸಿ ಓದಿಸ್ತೀನಿ. ಇದೂ ಸ್ವಲ್ಪ ಏಟು ತಿಂದಿದೆ, ಆತುರ ಮಾಡಿದ್ರೆ ಇರೋದೂ ಹೋಗುತ್ತೆ. ಎರಡು ವಾರ ಕೊಡಿ."

"ಎಲ್ಲಾ ಬೇಡ ನಂಗೆ," ಎಂದಳು ಈರಮ್ಮ. "ಒಂದ್ ಹಾಳೆ ಸಾಕು."

ಆ ಎರಡು ವಾರ ಮನೆಯಲ್ಲಿ ಯಾರಿಗೂ ಸರಿಯಾಗಿ ಊಟ ಸೇರಲಿಲ್ಲ. ಶಿವಯ್ಯ ಬೇಲಿ ಕಟ್ಟಿದ, ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದ. ತಿಂಡಿಗೆ ಕರೆದರೆ ಬಂದು, ತಿಂದು, ಮಾತಿಲ್ಲದೆ ಎದ್ದು ಹೋಗುತ್ತಿದ್ದ. ಅರುಣ್ ಹೆಂಡತಿಯ ಮೇಲೆ ರೇಗಿದ. "ನೆಮ್ಮದಿಯಾಗಿದ್ದ ಮುದುಕ್ರ ಮಧ್ಯ ಕಡ್ಡಿ ಗೀರ್ಬುಟ್ಟೆ ನೀನು." ರಶ್ಮಿತಾ ಬಟ್ಟೆ ಹಿಂಡುತ್ತಲೇ ಅಂದಳು, "ನೆಮ್ಮದಿಯಾಗಿದ್ದಿದ್ದು ನೀವು. ಅತ್ತೆ ನೆಮ್ಮದಿಯಾಗಿದ್ರಾ ಅಂತ ಯಾವತ್ತಾದ್ರೂ ಕೇಳಿದೀರಾ?" ಅವನು ಗಾಡಿ ಕೀ ತೆಗೆದುಕೊಂಡು ಹೊರಟುಹೋದ.

ಹಬ್ಬಕ್ಕೆ ಐದು ದಿನ ಇದೆ ಎನ್ನುವಾಗ ವಾಣಿಯ ಫೋನು ಬಂತು. ಮಾತಾಡಿ ಮುಗಿಸಿದ ರಶ್ಮಿತಾ ಅತ್ತೆಯ ಹತ್ತಿರ ಬಂದು ಕೂತಳು.

"ಏನಂತೆ? ಆಗ್ಲಿಲ್ವಂತಾ?" ಎಂದಳು ಈರಮ್ಮ. ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟಳು.

"ಆಗ್ತಿದೆಯಂತೆ ಅತ್ತೆ. ಆದ್ರೆ... ನಿನ್ನೆ ಮಾವ ಅಲ್ಲಿಗೆ ಹೋಗಿದ್ರಂತೆ. ಆ ಡಿಸ್ಕು ವಾಪಸ್ ಕೊಡಿ ಅಂದ್ರಂತೆ. ಕೊಟ್ಟೋರು ಬಂದ್ರೆ ಮಾತ್ರ ಕೊಡೋದು ಅಂತ ಅವ್ರು ಕಳ್ಸಿದಾರೆ."

ನಿನ್ನೆ ಆಲೂರಿನಲ್ಲಿ ಗೊಬ್ಬರ ವಿಚಾರಿಸಬೇಕು ಎಂದು ಹೇಳಿ ಹೋಗಿದ್ದ ಮನುಷ್ಯ! ಈರಮ್ಮ ಸೀದಾ ಹಿತ್ತಲಿಗೆ ಹೋದಳು. ಶಿವಯ್ಯ ಬಾಳೆ ಬುಡ ಬಿಡಿಸುತ್ತಿದ್ದ.

"ನೀವ್ ಬರ್ದಿಲ್ಲ, ಅಲ್ವಾ?"

ಶಿವಯ್ಯ ಗುದ್ದಲಿ ನಿಲ್ಲಿಸಿದ.

"ಲೈನಲ್ಲಿ ಹುಟ್ಟಿದ್ ಪ್ರತಿ ಕೂಸುನ್ನೂ ಬರ್ದ್ರಿ. ಕಳ್ಳಬಸುರಿಂದನ್ನೂ ಬಿಡ್ದೆ ಬರ್ದ್ರಿ. ನಂದೊಂದನ್ನ ಬರ್ದಿಲ್ಲ. ಅದಕ್ಕೇ ಓಡಿ ಹೋಗಿದ್ದು ಮುಚ್ಚಾಕೋಕೆ. ಹೇಳಿ, ಬರ್ದಿದೀರೋ ಇಲ್ವೋ?"

"ಈರೀ, ಒಳಗ್ ಹೋಗು."

"ಹೋಗಲ್ಲ. ನಿಮ್ ಬಾಯಲ್ಲೂ ಒಬ್ನೇ ಮಗ. ನಿಮ್ ಪುಸ್ತಕದಲ್ಲೂ ಒಬ್ನೇ ಮಗ. ಹಂಗಾರೆ ನಾನ್ ಒಂಬತ್ ದಿನ ಹಾಲ್ ಕುಡಿಸಿದ್ದು ಯಾರಿಗೆ?"

ಅವನು ಮತ್ತೆ ಗುದ್ದಲಿ ಎತ್ತಿದ, ಆದರೆ ನೆಲಕ್ಕೆ ಹಾಕಲಿಲ್ಲ. ಈರಮ್ಮ ಒಳಗೆ ಬಂದು ಗೋಡೆಗೆ ಒರಗಿ ಕೂತಳು. ಬರೆದಿಲ್ಲ ಎಂದು ಅವಳಿಗೆ ಖಾತ್ರಿಯಾಗಿಹೋಗಿತ್ತು. ಮಧ್ಯಾಹ್ನದ ಅಡಿಗೆಯನ್ನು ರಶ್ಮಿತಾಳೇ ಮಾಡಿದಳು.

ಹಬ್ಬದ ಹಿಂದಿನ ದಿನ ರಶ್ಮಿತಾ ಒಬ್ಬಳೇ ಸಕಲೇಶಪುರಕ್ಕೆ ಹೋಗಿ ಸಂಜೆಯ ಮುಂಚೆ ವಾಪಸ್ ಬಂದಳು. ಇನ್ನೂರ ಎಪ್ಪತ್ತು ಪುಟ ಸಿಕ್ಕಿತ್ತು, ಉಳಿದವು ಹೋಗಿದ್ದವು. ಬೇಕಾದ ಪುಟವನ್ನು ವಾಣಿ ಕಾಗದದ ಮೇಲೆ ಪ್ರಿಂಟ್ ತೆಗೆದು ಕೊಟ್ಟಿದ್ದಳು. ಅದರ ಕೆಳಗಿನ ಭಾಗ ಬೂದಿ ಬಳಿದ ಹಾಗೆ ಖಾಲಿ, ಮೇಲಿನ ಹನ್ನೊಂದು ಸಾಲು ಮಾತ್ರ ನಿಚ್ಚಳ. ರಶ್ಮಿತಾಳ ಕಣ್ಣು ಊದಿಕೊಂಡಿತ್ತು. ಬಸ್ಸಿನಲ್ಲೇ ಓದಿಕೊಂಡು ಬಂದಿದ್ದಳು.

ನಡುಮನೆಯಲ್ಲಿ ಎಲ್ಲರೂ ಇದ್ದರು. ಅರುಣ್ ಅಂದು ಗಾಡಿ ತೆಗೆದಿರಲಿಲ್ಲ. ಶಿವಯ್ಯ ಬಾಗಿಲ ಪಕ್ಕದ ಕುರ್ಚಿಯಲ್ಲಿ ಮುಖ ಹೊರಗೆ ಮಾಡಿ ಕೂತಿದ್ದ.

"ಬಸಮ್ಮನ ಮಗಳದ್ದು ಇದೆ. ಎಂಟನೇ ಸಾಲು," ಎಂದಳು ರಶ್ಮಿತಾ.

"ಅವಳ ಪುಣ್ಯ," ಎಂದಳು ಈರಮ್ಮ. ಮುಂದೆ ಕೇಳುವ ಧೈರ್ಯ ಬರಲಿಲ್ಲ.

ರಶ್ಮಿತಾ ಅತ್ತೆಯ ಪಕ್ಕ ಕೂತು ಅವಳ ಬೆರಳು ಹಿಡಿದು ಕಾಗದದ ಮೇಲಿಟ್ಟಳು. "ಇಲ್ಲಿ ನೋಡಿ ಅತ್ತೆ. ಏಳನೇ ಸಾಲು. ತಾಯಿ, ಈರಮ್ಮ. ತಂದೆ, ಶಿವಯ್ಯ, ರೈಟರ್. ಹೆಣ್ಣು."

ಈರಮ್ಮ ಕಾಗದದ ಮೇಲೆ ಬಗ್ಗಿದಳು. "ಬರ್ದವ್ರೆ!"

"ಇನ್ನೂ ಇದೆ. ಇದು ಹೆಸರಿನ ಜಾಗ. ನಯನಾ ಅಂತ ಬರೆದಿದೆ."

"ಯಾರು?"

"ನಿಮ್ಮ ಮಗಳು ಅತ್ತೆ. ನಯನಾ. ಇದು ಷರಾ." ಸೊಸೆ ಬೆರಳನ್ನು ಪಕ್ಕಕ್ಕೆ ಸರಿಸಿದಳು. "ಮೇಲೆ ಕೆಳಗೆ ಸತ್ತ ಮಕ್ಕಳಿಗೆಲ್ಲ ಕೆಂಪಲ್ಲಿ ತಾರೀಖು ಹಾಕಿದಾರೆ. ಈ ಸಾಲಿಗೆ ಇಲ್ಲ. ಏನೂ ಬರೆದಿಲ್ಲ."

ಶಿವಯ್ಯ ಹೊರಗೆ ನೋಡುತ್ತಲೇ ಮಾತಾಡಿದ.

"ಹುಟ್ಟಿದ್ ದಿನಾನೇ ಬರ್ದೆ. ಕಣ್ಣ್ ಬಿಟ್ಕೊಂಡು ನನ್ನೇ ನೋಡ್ತಿತ್ತು. ಆ ಹೆಸ್ರೇ ಬಾಯಿಗ್ ಬಂತು. ಹನ್ನೊಂದಕ್ಕೆ ಎಲ್ಲರ ಎದುರು ಹೇಳಾಣ ಅಂದ್ಕೊಂಡಿದ್ದೆ. ಆಮೇಲೆ... ಕೆಂಪು ಮಸಿ ತಗೊಂಡು ಎಷ್ಟೋ ಸಲ ಕೂತಿವ್ನಿ. ಕೈ ಬರ್ಲಿಲ್ಲ. ಇಡೀ ಪುಸ್ತಕದಲ್ಲಿ ಸುಳ್ಳು ಅಂತ ಇರೋದು ಅದೊಂದೇ ಸಾಲು."

ಈರಮ್ಮ ಅಳುತ್ತಾಳೆ ಎಂದುಕೊಂಡು ಅರುಣ್ ಎದ್ದು ಹತ್ತಿರ ಬಂದ. ಅವಳು ಅಳಲಿಲ್ಲ. ಕಾಗದ ಹಿಡಿದುಕೊಂಡೇ ಎದ್ದು ಗಂಡನ ಎದುರು ನಿಂತಳು.

"ಹೆಸ್ರಿತ್ತಾ ಅವ್ಳಿಗೆ?"

"ಇತ್ತು."

"ನಲವತ್ನಾಕ್ ವರ್ಷ ನಿಮ್ ಹತ್ರಾನೇ ಇಟ್ಕೊಂಡ್ರಾ?" ಅವಳ ದನಿ ಏರಿತು. "ನಿಮಗಾರೆ ಪುಸ್ತಕ ಇತ್ತು, ತೆಗ್ದು ನೋಡ್ಕೊಂಡ್ರಿ. ನಂಗೇನಿತ್ತು? ಅಳಕ್ ಬಿಡ್ಲಿಲ್ಲ, ನೋಡಕ್ ಬಿಡ್ಲಿಲ್ಲ. ಮನ್ಸಲ್ಲಿ ಕರೆಯಾಣ ಅಂದ್ರೆ ಒಂದ್ ಹೆಸ್ರಿಲ್ಲ. ಕೂಸು, ಕೂಸು ಅಂತ ಕರ್ದೆ. ನಾಯಿಮರಿಗೂ ಒಂದ್ ಹೆಸ್ರಿರ್ತೈತೆ ಕಣ್ರೀ!"

"ಹೆಸ್ರು ಹೇಳಿದ್ರೆ ಷರಾನೂ ಬರೀಬೇಕಿತ್ತು ಈರೀ," ಎಂದ ಶಿವಯ್ಯ. "ಬರೀದೆ ಇದ್ರೆ ಪುಸ್ತಕದಲ್ಲಾದ್ರೂ ಇದ್ಲು."

"ನಂಗೂ ಇರ್ಬೇಕಿತ್ತು," ಎಂದಳು ಈರಮ್ಮ. ಆಗ ಅಳು ಬಂತು. ಎಷ್ಟೋ ವರ್ಷ ತಡೆದಿದ್ದ ಅಳು, ಬಾಯಿಬಿಟ್ಟು, ಎದೆ ಬಡಿದುಕೊಂಡು ಅತ್ತಳು. ರಶ್ಮಿತಾ ತಬ್ಬಿಕೊಂಡಳು. ಪಕ್ಕದ ಮನೆಯವರು ಏನಾಯಿತೋ ಎಂದು ಬೇಲಿ ಹತ್ತಿರ ಬಂದು ನಿಂತರು. ಅರುಣ್ ಹೋಗಿ, "ನಮ್ಮಕ್ಕ ತೀರ್ಕೊಂಡಿದ್ಲು" ಎಂದಷ್ಟೇ ಹೇಳಿ ಬಂದ. ಶಿವಯ್ಯ ಕುರ್ಚಿಯಿಂದ ಏಳಲಿಲ್ಲ. ಅವನಿಗೆ ಸಮಾಧಾನ ಹೇಳುವ ಮನಸ್ಸು ಅಂದು ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮಾರನೇ ದಿನ ಹಬ್ಬ. ಈರಮ್ಮ ಬೆಳಿಗ್ಗೆಯೇ ಎದ್ದು ಅಕ್ಕಿ ತರಿ ತೊಳಸಿ ಕಡುಬು ಕಟ್ಟಿದಳು. ಗಂಡನ ಜೊತೆ ಮಾತಿಲ್ಲ. ಅವನು ಹಿತ್ತಲಿನಿಂದ ಬಾಳೆ ಎಲೆ ಕೊಯ್ದು ತಂದು ಅಡಿಗೆ ಮನೆ ಬಾಗಿಲಲ್ಲಿ ಇಟ್ಟು ಹೋದ. ಎಣಿಸಿದರೆ ನಾಲ್ಕಿದ್ದವು. ನಾಲ್ಕನೆಯದು ಚಿಕ್ಕದು, ಸುಳಿ ಎಲೆ.

ನಡುಮನೆಯಲ್ಲಿ ಸಾಲಾಗಿ ಎಲೆ ಹಾಸಿ ಬಡಿಸಿದ್ದಾಯಿತು. ಚಿಕ್ಕ ಎಲೆಗೆ ಏನು ಬಡಿಸುವುದು ಎಂದು ರಶ್ಮಿತಾ ಕೇಳಿದಳು. ಒಂಬತ್ತು ದಿನದ ಕೂಸಿಗೆ ಏನಿಷ್ಟ ಎಂದು ಯಾರಿಗೆ ಗೊತ್ತು? ಈರಮ್ಮ ಒಂದು ಬಟ್ಟಲಲ್ಲಿ ಹಸುವಿನ ಹಾಲು ತಂದಿಟ್ಟಳು. ಶಿವಯ್ಯ ಸ್ನಾನ ಮಾಡಿ ಬಂದು ಧೂಪ ಹಾಕಿ ನಿಂತ. ತಂದೆಯ ಹೆಸರು ಕರೆದ. ತಾಯಿಯ ಹೆಸರು ಕರೆದ. ತಮ್ಮನ ಹೆಸರು ಕರೆದ. ಆಮೇಲೆ ನಿಂತುಬಿಟ್ಟ. ಧೂಪದ ಕೆಂಡ ಆರುತ್ತಾ ಬಂತು. ಪೂಜಿತಾ ಏನೋ ಹೇಳಹೊರಟಳು, ಅರುಣ್ ಅವಳ ಭುಜ ಒತ್ತಿದ.

ಈರಮ್ಮ ಕಾದಳು. ಅವಳೇ ಕರೆಯಬಹುದಿತ್ತು. ಕರೆಯಲಿಲ್ಲ.

"ನಯನಾ," ಎಂದ ಶಿವಯ್ಯ. ದನಿ ಎಷ್ಟು ಸಣ್ಣಗಿತ್ತು ಎಂದರೆ ಪಕ್ಕದಲ್ಲಿ ನಿಂತಿದ್ದವರಿಗೆ ಮಾತ್ರ ಕೇಳಿಸಿತು.

ಈರಮ್ಮ ಅವನ ಕಡೆ ನೋಡಲಿಲ್ಲ. ಹಾಲಿನ ಬಟ್ಟಲನ್ನು ಎಲೆಯ ಮಧ್ಯಕ್ಕೆ ಸರಿಸಿದಳು.

"ಜೋರಾಗ್ ಕರೀರಿ," ಎಂದಳು. "ಬಾಗ್ಲಾಚೆ ನಿಂತಿರ್ತಾಳೆ, ತನ್ ಹೆಸ್ರು ಅವ್ಳಿಗೂ ಗೊತ್ತಿಲ್ಲ."